ಮನೆಯಲ್ಲೇ ಕರಕುಶಲ ವಸ್ತುಗಳ ಮಾರಾಟ: ಯಾರಿಗೂ ಮುಲಾಜಾಗದ ಹಾಗೆ ಮಾಡೋದು ಹೇಗೆ?

ಕಿಟಕಿ ಪಕ್ಕ

ಎಲ್ಲರಿಗೂ ನಮಸ್ಕಾರ. ಹೆಂಗಸರೇ ನಡೆಸುವ ಒಂದು ಕರಕುಶಲ ಸಂಘದ ಪರಿಚಯ ಆಗಿದೆ. ಕಸೂತಿ ಹಾಕಿದ ಚೀಲ, ಕೈಮಗ್ಗದ ಶಾಲು, ಹುಲ್ಲಿನ ಬುಟ್ಟಿ, ಮಣಿಸರ ಮಾಡುತ್ತಾರೆ. ಫೇರ್ ಟ್ರೇಡ್, ಅಂದರೆ ಮಾಡಿದವರಿಗೆ ನ್ಯಾಯವಾದ ದುಡ್ಡು ಸಿಗುವ ಪದ್ಧತಿಯಲ್ಲಿ ಕೆಲಸ ಮಾಡುವ ಸಂಘ. ಅಂಗಡಿಗಳಿಗೆ ಕೊಟ್ಟರೆ ದುಡ್ಡು ಬರೋದು ತಡ, ಕಮಿಷನ್ ಕೂಡ ಜಾಸ್ತಿ ಅಂತ ಬೇಸರ ಮಾಡಿಕೊಂಡಿದ್ದರು. "ನಮ್ಮನೆಯಲ್ಲೇ ಒಂದು ಸಂಜೆ ಗೆಳತಿಯರನ್ನು, ಅಕ್ಕಪಕ್ಕದವರನ್ನು ಕರೆದು ಮಾರೋಣವಾ?" ಅಂತ ಕೇಳಿದೆ. ಅವರು ತಕ್ಷಣ ಒಪ್ಪಿದರು. ಈಗ ತಲೆಬಿಸಿ ನನ್ನದು.

ನನ್ನ ದೊಡ್ಡ ಅಳುಕು ಏನಂದರೆ, ಬಂದವರು ನನ್ನ ಮುಖ ನೋಡಿ ಏನಾದರೂ ಕೊಂಡುಹೋಗಬಾರದು. ಹಾಗೆ ಕೊಂಡಿದ್ದು ಬೀರುವಿನ ಮೂಲೆ ಸೇರುತ್ತದೆ, ಮುಂದಿನ ಸಲ ಕರೆದರೆ ಯಾರೂ ಬರುವುದಿಲ್ಲ. ಇನ್ನು ಸರಕಿನ ವಿಷಯ. ಪೂರ್ತಿ ದುಡ್ಡು ಕೊಟ್ಟು ತರಬೇಕಾ, ಮಾರಾಟವಾದಷ್ಟಕ್ಕೆ ಮಾತ್ರ ಕೊಟ್ಟರೆ ನಡೆಯುತ್ತದಾ? ಬೆಲೆ ಕೇಳಿ ಮೂಗು ಮುರಿಯುವವರಿಗೆ ಏನು ಹೇಳೋದು? ಮಾಡಿ ಗೊತ್ತಿರುವವರು ದಯವಿಟ್ಟು ಬರೆಯಿರಿ.

ಹಳೇ ಪೆಟ್ಟಿಗೆ

ಧೈರ್ಯವಾಗಿ ಮಾಡಿ. ಫೇರ್ ಟ್ರೇಡ್ ಶುರುವಾಗಿದ್ದೇ ಹೀಗೆ, ಮನೆಯ ಪಡಸಾಲೆಯಲ್ಲಿ.

ಅಮೆರಿಕದ ಎಡ್ನಾ ರೂತ್ ಬೈಲರ್ 1946ರಲ್ಲಿ ಪೋರ್ಟೊ ರಿಕೊಗೆ ಹೋಗಿದ್ದರು. ಅಲ್ಲಿ ಹೊಲಿಗೆ ತರಗತಿಯ ಹೆಂಗಸರು ಮಾಡಿದ ಕಸೂತಿ ನೋಡಿದರು. ಕೆಲಸ ಸೊಗಸಾಗಿತ್ತು, ಕೊಳ್ಳುವವರು ಇರಲಿಲ್ಲ. ಒಂದಷ್ಟು ಬಟ್ಟೆ ಊರಿಗೆ ತಂದು ಗೆಳತಿಯರಿಗೆ, ನೆರೆಹೊರೆಯವರಿಗೆ ತೋರಿಸಿ ಮಾರಿದರು. ಆಮೇಲೆ ಕಾರಿನ ಡಿಕ್ಕಿಯಲ್ಲಿ ಸರಕು ತುಂಬಿಕೊಂಡು ಮಹಿಳೆಯರ ಹೊಲಿಗೆ ಕೂಟಗಳಿಗೆ ಹೋಗತೊಡಗಿದರು. ಮನೆಯ ನೆಲಮಾಳಿಗೆಯೇ ಅವರ ಗೋದಾಮು ಮತ್ತು ಅಂಗಡಿ. ಆ ಕೆಲಸ 1968ರಲ್ಲಿ ಸೆಲ್ಫ್‌ಹೆಲ್ಪ್ ಕ್ರಾಫ್ಟ್ಸ್ ಅನ್ನುವ ಹೆಸರು ಪಡೆಯಿತು. 1996ರಲ್ಲಿ ಅದೇ ಟೆನ್ ಥೌಸಂಡ್ ವಿಲೇಜಸ್ ಆಯಿತು. ಯುರೋಪಿನಲ್ಲಿ ಸ್ವಯಂಸೇವಕರು ನಡೆಸುವ, ಫೇರ್ ಟ್ರೇಡ್ ಸರಕು ಮಾರುವ ವರ್ಲ್ಡ್ ಶಾಪ್‌ಗಳು ಬಂದಿದ್ದು ಇನ್ನೂ ಆಮೇಲೆ. ಅವುಗಳಲ್ಲಿ ಮೊದಲನೆಯದು 1969ರಲ್ಲಿ ನೆದರ್‌ಲ್ಯಾಂಡ್ಸ್‌ನ ಬ್ರೂಕೆಲೆನ್‌ನಲ್ಲಿ ತೆರೆಯಿತು.

ಅಂದರೆ ಲೇಬಲ್ಲು, ಪ್ರಮಾಣಪತ್ರ ಎಲ್ಲಾ ಬರುವ ಮೊದಲೇ ಪರಿಚಯದವರ ನಡುವಿನ ಮಾರಾಟ ಇತ್ತು.

ಅಡ್ಡ ಪ್ರಶ್ನೆ

ಪೆಟ್ಟಿಗೆಯವರು ಸಿಹಿ ಭಾಗ ಹೇಳಿದರು, ಖಾರದ ಭಾಗ ನಾನು ಹೇಳುತ್ತೇನೆ.

ಪರಿಚಯದವರನ್ನು ಮನೆಗೆ ಕರೆದು ಮಾರುವ ಮನೆ ಪಾರ್ಟಿ ಅನ್ನುವುದನ್ನು ಜಗತ್ತಿಗೆಲ್ಲ ಗೊತ್ತು ಮಾಡಿದ್ದು ಬೈಲರ್ ಅಲ್ಲ, ಟಪ್ಪರ್‌ವೇರ್. 1951ರಲ್ಲಿ ಆ ಕಂಪನಿ ತನ್ನ ಡಬ್ಬಿಗಳನ್ನು ಅಂಗಡಿಗಳಿಂದ ವಾಪಸ್ ತೆಗೆದುಕೊಂಡು ಬರೀ ಮನೆ ಪಾರ್ಟಿಗಳಲ್ಲಿ ಮಾರಲು ಶುರು ಮಾಡಿತು. ಅದನ್ನು ಕಟ್ಟಿದವರು ಬ್ರೌನಿ ವೈಸ್. 1954ರಲ್ಲಿ ಬಿಸಿನೆಸ್ ವೀಕ್ ಪತ್ರಿಕೆಯ ಮುಖಪುಟದಲ್ಲಿ ಬಂದ ಮೊದಲ ಮಹಿಳೆ. 1958ರಲ್ಲಿ ಕಂಪನಿ ಅವರನ್ನೇ ಹೊರಗೆ ಕಳಿಸಿತು, ಕೈಯಲ್ಲಿ ಒಂದು ಷೇರೂ ಇಲ್ಲದೆ. ಹೆಂಗಸರನ್ನು ಮೇಲೆತ್ತುವ ಮಾರಾಟ ಅಂತ ಯಾರಾದರೂ ಹೇಳಿದಾಗ ನನಗೆ ಮೊದಲು ನೆನಪಾಗೋದು ಇದು.

ಇಡೀ ಪದ್ಧತಿ ನಿಂತಿರೋದೇ ಮುಲಾಜಿನ ಮೇಲೆ. ಫ್ರೆನ್ಜೆನ್ ಮತ್ತು ಡೇವಿಸ್ ಅನ್ನುವ ಇಬ್ಬರು ಸಂಶೋಧಕರು 1990ರಲ್ಲಿ ಮನೆ ಪಾರ್ಟಿಗಳ ಬಗ್ಗೆ ಅಧ್ಯಯನ ಪ್ರಕಟಿಸಿದರು. ಕರೆದವಳ ಜೊತೆ ನಂಟು ಗಟ್ಟಿಯಾದಷ್ಟೂ ಅತಿಥಿ ಏನಾದರೂ ಕೊಳ್ಳುವ ಸಾಧ್ಯತೆ ಹೆಚ್ಚು ಅಂತ ಅದರಲ್ಲಿ ಕಂಡುಬಂತು. ಹಾಗಾಗಿ ಕಿಟಕಿಯವರ ಅಳುಕು ಸುಮ್ನೆ ಅಲ್ಲ. ಒಳ್ಳೇ ಉದ್ದೇಶ ಸೇರಿಕೊಂಡರೆ ಒತ್ತಡ ಇನ್ನೂ ಜಾಸ್ತಿ. ಡಬ್ಬಿ ಬೇಡ ಅನ್ನಬಹುದು. ಬಡ ಹೆಂಗಸರ ಕಸೂತಿ ಬೇಡ ಅಂದರೆ ಕಲ್ಲು ಮನಸ್ಸಿನವಳು ಅನ್ನಿಸಿಕೊಳ್ಳಬೇಕು.

ಬೆತ್ತದ ಬುಟ್ಟಿ

ನಾನು ಹಲವು ವರ್ಷಗಳಿಂದ ಇಂಥ ಮಾರಾಟ ಇಟ್ಟುಕೊಳ್ಳುತ್ತಿದ್ದೇನೆ. ಅಡ್ಡ ಪ್ರಶ್ನೆ ಹೇಳಿದ್ದು ನಿಜ. ಆದರೆ ಆ ಒತ್ತಡ ತಾನಾಗಿ ಬರುವುದಿಲ್ಲ, ನಾವು ಕೋಣೆ ಹೊಂದಿಸುವ ರೀತಿಯಲ್ಲಿ ಬರುತ್ತದೆ. ಎಲ್ಲರನ್ನೂ ಸುತ್ತ ಕೂರಿಸಿ, ನಡುವೆ ಸರಕು ಹರವಿ, ಒಬ್ಬೊಬ್ಬರ ಕೈಗೆ ಕೊಟ್ಟು "ಹೇಗಿದೆ?" ಅಂತ ಕೇಳಿದರೆ ಯಾರಿಗೆ ತಾನೇ ಬೇಡ ಅನ್ನೋಕೆ ಬಾಯಿ ಬರುತ್ತದೆ?

ನಾನು ಕೂರಿಸುವುದೇ ಇಲ್ಲ. ಮಧ್ಯಾಹ್ನದಿಂದ ರಾತ್ರಿವರೆಗೆ ಬಾಗಿಲು ತೆರೆದಿರುತ್ತದೆ, ಯಾವಾಗ ಬೇಕಾದರೂ ಬನ್ನಿ, ಯಾವಾಗ ಬೇಕಾದರೂ ಹೋಗಿ ಅಂತ ಆಹ್ವಾನದಲ್ಲೇ ಬರೆಯುತ್ತೇನೆ. ಅದು ಮಾರಾಟ ಅನ್ನೋದೂ ಆಹ್ವಾನದಲ್ಲೇ ಸ್ಪಷ್ಟವಾಗಿ ಇರಬೇಕು. ಸುಮ್ನೆ ಹರಟೆಗೆ ಬನ್ನಿ ಅಂತ ಕರೆದು ಆಮೇಲೆ ಬಟ್ಟೆ ಮುಚ್ಚಿದ ಮೇಜು ತೋರಿಸೋದು ಮೋಸ.

ಪ್ರತಿಯೊಂದು ವಸ್ತುವಿಗೂ ಬೆಲೆ ಚೀಟಿ ಇರಲಿ. ಬೆಲೆ ಬಾಯಿಬಿಟ್ಟು ಕೇಳಬೇಕಾಗಿ ಬಂದರೆ, ಕೇಳಿದ ಮೇಲೆ ವಾಪಸ್ ಇಡೋಕೆ ಸಂಕೋಚ ಆಗುತ್ತದೆ.

ಎಲ್ಲಕ್ಕಿಂತ ಮುಖ್ಯ: ದುಡ್ಡು ತೆಗೆದುಕೊಳ್ಳುವ ಮೇಜು ಬೇರೆ ಕೋಣೆಯಲ್ಲಿ ಇಡಿ, ಅಲ್ಲಿ ನೀವು ಕೂರಬೇಡಿ. ಸಂಘದವರೊಬ್ಬರೋ ಬೇರೆ ಗೆಳತಿಯೋ ಕೂರಲಿ. ಯಾರು ಕೊಂಡರು, ಯಾರು ಬರಿಗೈಯಲ್ಲಿ ಹೋದರು ಅಂತ ಮನೆಯೊಡತಿಗೆ ಗೊತ್ತಾಗಲೇಬಾರದು. ಅತಿಥಿಗೂ ಇದು ಗೊತ್ತಿರಬೇಕು, ಆಗಲೇ ಅವರು ನಿರಾಳವಾಗಿ ನೋಡೋದು. ನಾನು ಬಾಗಿಲಲ್ಲಿ ಬಂದವರನ್ನು ಮಾತಾಡಿಸುತ್ತೇನೆ, ಅಷ್ಟೇ.

ಆತಿಥೇಯರಿಗೆ ಉಡುಗೊರೆ, ಮಾರಾಟದಲ್ಲಿ ಪಾಲು, "ನೀವೂ ಪಾರ್ಟಿ ಇಡಿ, ಇಷ್ಟು ಉಚಿತ" ಅನ್ನುವ ಆಸೆ, ಇವು ಯಾವುದೂ ಬೇಡ. ಅಲ್ಲಿಂದಲೇ ಸರಪಳಿ ಮಾರಾಟದ ವಾಸನೆ ಶುರುವಾಗೋದು.

ಕಿಟಕಿ ಪಕ್ಕ

ಬೇರೆ ಕೋಣೆಯ ಮೇಜು! ಇದು ನನಗೆ ಹೊಳೆದೇ ಇರಲಿಲ್ಲ. ಮಾಡುತ್ತೇನೆ. ಎಷ್ಟು ಜನರನ್ನು ಕರೆಯೋದು ಬುಟ್ಟಿಯವರೇ?

ಬೆತ್ತದ ಬುಟ್ಟಿ

ಮನೆ ಹಿಡಿಸುವುದರ ಎರಡರಷ್ಟು. ಬಿಡಿಬಿಡಿಯಾಗಿ ಬರುತ್ತಾರೆ, ಕೆಲವರು ಬರೋದೇ ಇಲ್ಲ.

ಸೂಜಿದಾರ

ನಾನು ಮೇಜಿನ ಆಚೆ ಬದಿಯವಳು. ಕಸೂತಿ ನನ್ನ ಕಸುಬು, ನಮ್ಮದೂ ಒಂದು ಸಣ್ಣ ಗುಂಪು ಇದೆ. ಎಲ್ಲರೂ ಅತಿಥಿಗಳ ಮುಲಾಜಿನ ಬಗ್ಗೆ ಮಾತಾಡುತ್ತಿದ್ದೀರಿ. ಮಾಡಿಕೊಟ್ಟವಳ ಮುಲಾಜು?

"ಮಾರಾಟವಾದಷ್ಟಕ್ಕೆ ಕೊಟ್ಟರೆ ನಡೆಯುತ್ತದಾ" ಅಂತ ಕಿಟಕಿಯವರು ಕೇಳಿದ್ದಾರೆ. ಕೇಳಿದರೆ ನಾವು ನಡೆಯುತ್ತದೆ ಅಂತಲೇ ಹೇಳುತ್ತೇವೆ. ಬೇಡ ಅಂದರೆ ಆ ಅವಕಾಶವೂ ಹೋಗುತ್ತದಲ್ಲ ಅನ್ನುವ ಭಯ. ಆದರೆ ಅದರ ಒಳಗೆ ಏನಿದೆ ನೋಡಿ. ಬಟ್ಟೆ, ದಾರ, ಜಿಪ್ಪು, ಒಳಬಟ್ಟೆ ಎಲ್ಲಕ್ಕೂ ನಾವು ಮೊದಲೇ ದುಡ್ಡು ಹಾಕಿರುತ್ತೇವೆ. ಹಲವು ಸಲ ಸಾಲ ಮಾಡಿ. ಆಮೇಲೆ ಹಗಲೆಲ್ಲ ಕೂತು ಮಾಡಿದ ಕೆಲಸ. ಅದನ್ನು ನಿಮ್ಮ ಮನೆಗೆ ಕೊಟ್ಟು ಕಾಯಬೇಕು. ಮಾರಾಟವಾಗಲಿಲ್ಲ ಅಂದರೆ ವಾಪಸ್ ಬರುತ್ತದೆ. ಹಾಗೇ ಬರುವುದೂ ಇಲ್ಲ. ತಿಳಿ ಬಣ್ಣದ ಚೀಲದ ಹಿಡಿಕೆಯ ಮೇಲೆ ಇಪ್ಪತ್ತು ಕೈಗಳ ಜಿಡ್ಡು, ಮಡಚಿದ ಜಾಗದಲ್ಲಿ ಗೆರೆ, ಚೀಟಿ ಪಿನ್ನು ಚುಚ್ಚಿದ ತೂತು. ಅದನ್ನು ಹೊಸದು ಅಂತ ಇನ್ನೊಬ್ಬರಿಗೆ ಮಾರೋಕಾಗುತ್ತದಾ? ಎಲ್ಲ ನಷ್ಟವೂ ಎಲ್ಲರಿಗಿಂತ ಕಮ್ಮಿ ದುಡ್ಡಿರುವವಳ ಮೇಲೆ.

ಫೇರ್ ಟ್ರೇಡ್ ಅನ್ನೋದರ ಮೊದಲ ಅರ್ಥ ನನ್ನ ಮಟ್ಟಿಗೆ ಇದೇ. ದುಡ್ಡು ಮೊದಲು, ಸರಕು ಆಮೇಲೆ. ವಿಶ್ವ ಫೇರ್ ಟ್ರೇಡ್ ಸಂಸ್ಥೆಯ ನಿಯಮದಲ್ಲೂ ಇದೆ: ಕರಕುಶಲ ವಸ್ತು ಮಾಡುವವರು ಕೇಳಿದರೆ ಕನಿಷ್ಠ ಅರ್ಧ ದುಡ್ಡು ಮುಂಗಡ ಕೊಡಬೇಕು, ಅದಕ್ಕೆ ಬಡ್ಡಿ ಹಾಕುವ ಹಾಗಿಲ್ಲ. ಸರಕು ಮೆಚ್ಚದಿದ್ದರೆ ಕೊಳ್ಳಬೇಡಿ. ಮೆಚ್ಚಿದ ಮೇಲೆ ಕೊಂಡುಕೊಳ್ಳಿ, ಎರವಲು ತರಬೇಡಿ.

ಲೆಕ್ಕದ ಪುಸ್ತಕ

ಸೂಜಿದಾರ ಅವರ ಮಾತು ಪೂರ್ತಿ ಒಪ್ಪುತ್ತೇನೆ, ಆದರೆ ಒಂದು ತೊಡಕು ಇದೆ. ಪೂರ್ತಿ ಸರಕು ಕೊಳ್ಳುವಷ್ಟು ದುಡ್ಡು ಎಲ್ಲ ಆತಿಥೇಯರ ಹತ್ತಿರ ಇರುವುದಿಲ್ಲ. ಆಗ ಅವರು ಮಾಡೋದು ಏನು? ಸುಲಭವಾಗಿ ಹೋಗುವ ಸಣ್ಣ ವಸ್ತುಗಳನ್ನು ಮಾತ್ರ ತರುತ್ತಾರೆ. ಕೀಲಿಚೀಲ, ಪುಸ್ತಕದ ಗುರುತುಪಟ್ಟಿ, ಕಿವಿಯೋಲೆ. ತಿಂಗಳು ಕೂತು ನೇಯ್ದ ಶಾಲು ಯಾರ ಕಣ್ಣಿಗೂ ಬೀಳುವುದೇ ಇಲ್ಲ.

ನಾನು ಹೇಳೋದು ನಡುವಿನ ದಾರಿ. ಸಣ್ಣ ವಸ್ತುಗಳನ್ನು ಪೂರ್ತಿ ದುಡ್ಡು ಕೊಟ್ಟು ತನ್ನಿ. ದೊಡ್ಡವು ಒಂದೊಂದೇ ಮಾದರಿ ಇರಲಿ, ಆ ಮಾದರಿಯನ್ನೂ ಕೊಂಡುಬಿಡಿ. ಅದನ್ನು ನೋಡಿ ಯಾರಿಗೆ ಬೇಕೋ ಅವರು ಅರ್ಧ ದುಡ್ಡು ಅಲ್ಲೇ ಕಟ್ಟಿ ಆರ್ಡರ್ ಬರೆಸಲಿ. ಆ ಅರ್ಧ ನೇರವಾಗಿ ಮುಂಗಡವಾಗಿ ಸಂಘಕ್ಕೆ ಹೋಗಲಿ. ಮಾಡುವವಳಿಗೂ ನಷ್ಟದ ಭಯ ಇಲ್ಲ, ನಿಮಗೂ ಇಲ್ಲ.

ಮಾರಾಟದ ಹಿಂದಿನ ದಿನ ಸಂಘದವರ ಜೊತೆ ಕೂತು ಪಟ್ಟಿ ಮಾಡಿ, ಎರಡು ಪ್ರತಿ, ಇಬ್ಬರ ಸಹಿ. ಪಟ್ಟಿಯಲ್ಲಿ ವಸ್ತು, ಸಂಖ್ಯೆ, ಸಂಘಕ್ಕೆ ಸೇರುವ ಬೆಲೆ, ಮಾರುವ ಬೆಲೆ. ಎರಡು ಬೆಲೆಗಳ ನಡುವೆ ವ್ಯತ್ಯಾಸ ಇದ್ದರೆ ಅದು ಯಾವುದಕ್ಕೆ ಅಂತ ಬರೆದಿರಲಿ: ಸಾಗಣೆ, ಚೀಲ, ತೆರಿಗೆ. ಮನೆಯಲ್ಲಿ ಮಾರಿದರೆ ತೆರಿಗೆ ಇಲ್ಲ ಅಂತ ಅಂದುಕೊಳ್ಳಬೇಡಿ, ನಿಮ್ಮಲ್ಲಿನ ನಿಯಮ ಕೇಳಿಕೊಳ್ಳಿ. ಬಿಲ್ಲು ಸಂಘದ ಹೆಸರಲ್ಲೇ ಇದ್ದರೆ ಒಳ್ಳೆಯದು.

ಬಾಕಿ ಲೆಕ್ಕ ಅದೇ ರಾತ್ರಿ ಚುಕ್ತಾ. "ಮುಂದಿನ ವಾರ ನೋಡೋಣ" ಅಂದರೆ ಆ ವಾರ ಬರುವುದೇ ಇಲ್ಲ.

ಮಗ್ಗದ ಸದ್ದು

ಒಂದು ಸಣ್ಣ ಭಿನ್ನಾಭಿಪ್ರಾಯ. ನಾನು ನೇಕಾರರ ಸಹಕಾರಿಯೊಂದರಲ್ಲಿ ಮಾರಾಟ ನೋಡಿಕೊಳ್ಳುತ್ತೇನೆ. ವಾಪಸ್ ಕೊಡುವ ಷರತ್ತಿನ ಮೇಲೆ ಸರಕು ಕೊಡೋದು ಯಾವಾಗಲೂ ಅನ್ಯಾಯ ಅಲ್ಲ. ನಮ್ಮಲ್ಲಿ ನೇಕಾರರಿಗೆ ಶಾಲು ಮಗ್ಗದಿಂದ ಇಳಿದ ತಕ್ಷಣ ಕೂಲಿ ಸಿಗುತ್ತದೆ. ಆಮೇಲೆ ಅದು ಮಾರಾಟವಾದರೂ ಆಗದಿದ್ದರೂ ನಷ್ಟ ಸಹಕಾರಿಯದು. ಅಂಥ ಕಡೆ ಆತಿಥೇಯರು ಸರಕು ಹಾಗೇ ತಂದು ಉಳಿದಿದ್ದು ವಾಪಸ್ ಕೊಟ್ಟರೆ ನೇಕಾರರಿಗೆ ಏನೂ ಆಗುವುದಿಲ್ಲ. ಕಿಟಕಿಯವರು ಸಂಘದವರನ್ನು ಕೇಳಬೇಕಾದ್ದು: ಮಾರಾಟವಾಗದಿದ್ದರೆ ಆ ನಷ್ಟ ಯಾರ ಮೇಲೆ ಬೀಳುತ್ತದೆ?

ಸೂಜಿದಾರ

ನಿಮ್ಮ ಸಹಕಾರಿಗೆ ಗೋದಾಮು ಇದೆ, ನಿಧಿ ಇದೆ. ನಮ್ಮಂಥ ಗುಂಪಿಗೆ ಗೋದಾಮು ಅಂದರೆ ಮಂಚದ ಕೆಳಗಿನ ಟ್ರಂಕು. ಸಂಘ ಅನ್ನುವ ಹೆಸರಿದ್ದ ಮಾತ್ರಕ್ಕೆ ನಷ್ಟ ಹೊರುವ ಶಕ್ತಿ ಇರುವುದಿಲ್ಲ. ಆದರೂ ಪ್ರಶ್ನೆ ಸರಿಯಾಗಿದೆ, ಅದನ್ನು ಕೇಳಲೇಬೇಕು.

ಅಡ್ಡ ಪ್ರಶ್ನೆ

ನನ್ನದು ಇನ್ನೊಂದು. ಸಂಘ ಫೇರ್ ಟ್ರೇಡ್ ಅಂತ ಹೇಳುವವರು ಯಾರು? ಸಂಘದವರೇ ಅಲ್ವಾ? ಇತ್ತೀಚೆಗೆ ಒಂದು ಮಾರಾಟದಲ್ಲಿ ಬಟ್ಟೆ ಚೀಲದ ಮೇಲೆ ಫೇರ್‌ಟ್ರೇಡ್ ಗುರುತು ನೋಡಿದೆ. ಹೊಲಿದವರಿಗೆ ಎಷ್ಟು ಸಿಗುತ್ತದೆ ಅಂತ ಕೇಳಿದರೆ ಮಾರುವವರಿಗೇ ಗೊತ್ತಿರಲಿಲ್ಲ.

ಮಗ್ಗದ ಸದ್ದು

ಗೊತ್ತಿಲ್ಲದಿರುವುದು ಆಶ್ಚರ್ಯ ಅಲ್ಲ, ಇಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳಿವೆ, ಜನ ಕಲಸಿಬಿಡುತ್ತಾರೆ.

ಒಂದು, ವಸ್ತುವಿನ ಮೇಲೆ ಹಾಕುವ ಫೇರ್‌ಟ್ರೇಡ್ ಗುರುತು. ಇದರ ಬೇರು 1988ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಬಂದ ಮ್ಯಾಕ್ಸ್ ಹ್ಯಾವಲಾರ್ ಲೇಬಲ್‌ನಲ್ಲಿದೆ, ಮೊದಲು ಹಾಕಿದ್ದು ಕಾಫಿಗೆ. ಬೇರೆ ಬೇರೆ ದೇಶಗಳ ಇಂಥ ಲೇಬಲ್‌ಗಳು 1997ರಲ್ಲಿ ಒಂದೇ ಛತ್ರದಡಿ ಸೇರಿದವು, ಈಗಿನ ಫೇರ್‌ಟ್ರೇಡ್ ಇಂಟರ್‌ನ್ಯಾಷನಲ್ ಅದೇ. ಇದು ಮುಖ್ಯವಾಗಿ ಬೆಳೆಗಳಿಗೆ: ಕಾಫಿ, ಕೋಕೋ, ಬಾಳೆ, ಹತ್ತಿ. ಹಾಗಾಗಿ ನೀವು ನೋಡಿದ ಚೀಲದ ಮೇಲಿನ ಹತ್ತಿಯ ಗುರುತು ಹೇಳುವುದು ಹತ್ತಿ ಬೆಳೆದ ರೈತರ ಬಗ್ಗೆ. ಹೊಲಿದವಳಿಗೆ ಎಷ್ಟು ಸಿಕ್ಕಿತು ಅಂತ ಅದು ಹೇಳುವುದಿಲ್ಲ.

ಇನ್ನೊಂದು, ಸೂಜಿದಾರ ಅವರು ಹೇಳಿದ ವಿಶ್ವ ಫೇರ್ ಟ್ರೇಡ್ ಸಂಸ್ಥೆ. 1989ರಲ್ಲಿ ಬೇರೆ ಹೆಸರಲ್ಲಿ ಶುರುವಾಯಿತು. ಇದು ಒಂದೊಂದು ವಸ್ತುವನ್ನಲ್ಲ, ಇಡೀ ಸಂಸ್ಥೆ ಹೇಗೆ ನಡೆಯುತ್ತದೆ ಅಂತ ಹತ್ತು ತತ್ವಗಳ ಮೇಲೆ ನೋಡುತ್ತದೆ. ಕೂಲಿ, ಮುಂಗಡ, ಮಕ್ಕಳ ದುಡಿಮೆ, ಹೆಂಗಸರಿಗೆ ಸಮಾನ ಸ್ಥಾನ, ಪರಿಸರ ಹೀಗೆ. ಕರಕುಶಲಕ್ಕೆ ಹೊಂದುವುದು ಇದೇ.

ಆದರೆ ಸಣ್ಣ ಗುಂಪುಗಳಿಗೆ ಸದಸ್ಯತ್ವದ ಶುಲ್ಕ, ಕಾಗದಪತ್ರ ಎಲ್ಲ ಭಾರ. ಲೇಬಲ್ ಇಲ್ಲದ ಮಾತ್ರಕ್ಕೆ ಅನ್ಯಾಯ ನಡೆಯುತ್ತಿದೆ ಅಂತ ಅಲ್ಲ. ಹೋಗಿ ನೋಡಿ, ಕೇಳಿ. ಬೆಲೆ ಯಾರು ನಿಗದಿ ಮಾಡುತ್ತಾರೆ? ಆ ಮಾತುಕತೆಯಲ್ಲಿ ಮಾಡುವವರು ಇರುತ್ತಾರಾ? ಒಂದು ತುಂಡಿಗೆ ಇಷ್ಟು ಅಂತ ಕೂಲಿ ಇದ್ದರೆ, ಆ ಲೆಕ್ಕಕ್ಕೆ ಯಾರ ವೇಗ ಹಿಡಿದಿದ್ದಾರೆ? ಇಲ್ಲೇ ದೊಡ್ಡ ಮೋಸ ಆಗೋದು. ಗುಂಪಿನಲ್ಲೇ ಚುರುಕಾದವಳು ಆರು ಗಂಟೆಯಲ್ಲಿ ಮುಗಿಸುತ್ತಾಳೆ ಅಂತ ಆರು ಗಂಟೆಯ ಕೂಲಿ ಇಟ್ಟರೆ, ಉಳಿದವರು ಹತ್ತು ಗಂಟೆ ಕೂತು ಆರರ ದುಡ್ಡು ತೆಗೆದುಕೊಳ್ಳಬೇಕು. ಸಾಧಾರಣ ವೇಗದವಳನ್ನು ಕೂರಿಸಿ, ದಾರ ಪೋಣಿಸುವ ಹೊತ್ತು, ಬಿಚ್ಚಿ ಮತ್ತೆ ಹಾಕುವ ಹೊತ್ತು ಎಲ್ಲ ಸೇರಿಸಿ ಅಳೆಯಬೇಕು. ಆ ಗಂಟೆಗಳಿಗೆ ಭಾಗಿಸಿದಾಗ ಅಲ್ಲಿನ ಕನಿಷ್ಠ ಕೂಲಿಗಿಂತ ಕೆಳಗೆ ಬಂದರೆ ಅದು ಫೇರ್ ಟ್ರೇಡ್ ಅಲ್ಲ, ಲೇಬಲ್ ಇದ್ದರೂ.

ಹಳೇ ಪೆಟ್ಟಿಗೆ

ಸದ್ದು ಅವರ ಮಾತಿಗೆ ಒಂದು ಸೇರ್ಪಡೆ. ಈ ತುಂಡು ಕೂಲಿಯ ಕೆಲಸ ಹೆಚ್ಚಾಗಿ ನಡೆಯುವುದು ಮನೆಯೊಳಗೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜಿನ ಪ್ರಕಾರ 2019ರಲ್ಲಿ ಜಗತ್ತಿನಲ್ಲಿ ಸುಮಾರು 26 ಕೋಟಿ ಜನ ಮನೆಯಿಂದಲೇ ದುಡಿಯುತ್ತಿದ್ದರು, ಅವರಲ್ಲಿ 14.7 ಕೋಟಿ ಹೆಂಗಸರು. ಕಂಪ್ಯೂಟರ್ ಮುಂದೆ ಕೂತವರೂ ಅದರಲ್ಲಿ ಸೇರಿದ್ದಾರೆ. ಮನೆಗೆಲಸದ ನಡುವೆ ಬಿಡಿಬಿಡಿಯಾಗಿ ಮಾಡುವ ಕಸೂತಿ, ಬೀಡಿ, ಮಣಿ ಪೋಣಿಸುವ ಕೆಲಸವನ್ನು ಕೆಲಸ ಅಂತ ಒಪ್ಪಿಸಲಿಕ್ಕೇ ಬಹಳ ಹೋರಾಡಬೇಕಾಯಿತು. ಇಳಾ ಭಟ್ 1972ರಲ್ಲಿ ಸ್ವಂತ ದುಡಿಮೆಯ ಹೆಂಗಸರಿಗಾಗಿ ‘ಸೇವಾ’ ಅನ್ನುವ ಸಂಘಟನೆ ಕಟ್ಟಿದಾಗ, ಮಾಲೀಕನೇ ಇಲ್ಲದವರಿಗೆ ಕಾರ್ಮಿಕ ಸಂಘ ಯಾಕೆ ಅಂತ ನೋಂದಣಿಗೆ ಅಡ್ಡಿ ಮಾಡಿದ್ದರು. ಹೀಗೆ ಮನೆಯಲ್ಲೇ ಕೂತು ಕೂಲಿಗೆ ದುಡಿಯುವವರ ಹಕ್ಕಿನ ಅಂತರರಾಷ್ಟ್ರೀಯ ಒಪ್ಪಂದ ಬಂದಿದ್ದು 1996ರಲ್ಲಿ. ಅದನ್ನು ಅನುಮೋದಿಸಿದ ದೇಶಗಳು ಇವತ್ತಿಗೂ ಬೆರಳೆಣಿಕೆಯಷ್ಟು.

ಬೆತ್ತದ ಬುಟ್ಟಿ

ಚರ್ಚೆ ಜೋರಾಗಿದೆ, ಒಳ್ಳೆಯದೇ. ನಾನು ಮತ್ತೆ ಮೇಜಿನ ಹತ್ತಿರ ಬರುತ್ತೇನೆ.

ಬೆಲೆ ಕೇಳಿ ಮೂಗು ಮುರಿಯುವವರಿಗೆ ಉಪನ್ಯಾಸ ಕೊಡಬೇಡಿ. ಚೀಲವನ್ನು ಒಳಗಡೆ ತಿರುಗಿಸಿ ಕೈಗೆ ಕೊಡಿ. ಕಸೂತಿಯ ಹಿಂಬದಿ ನೋಡಿದರೆ ಗೊತ್ತಾಗುತ್ತದೆ. ದಾರ ಎಲ್ಲಿ ಮುಗಿಯಿತು, ಹೊಸ ದಾರ ಎಲ್ಲಿ ಶುರುವಾಯಿತು, ತುದಿಯನ್ನು ಹಳೆಯ ಹೊಲಿಗೆಗಳ ಕೆಳಗೆ ಹೇಗೆ ತೂರಿಸಿ ಮುಚ್ಚಿದ್ದಾಳೆ. ಮಷೀನಿನ ಕಸೂತಿಯಲ್ಲಿ ಹಿಂಬದಿ ಬಾಬಿನ್ ದಾರ ಒಂದೇ ಬಣ್ಣದಲ್ಲಿ, ಒಂದೇ ಸಮ ಓಡಿರುತ್ತದೆ, ಕೆಳಗೆ ಕಾಗದದಂಥ ಒತ್ತುಬಟ್ಟೆ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ಮುಗಿಯಿತು. ಅದಾದ ಮೇಲೂ ಬೇಡ ಅಂದರೆ ಬೇಡ, ಅವರ ದುಡ್ಡು ಅವರದು.

ಚೌಕಾಸಿಗೆ ಒಂದೇ ಉತ್ತರ, "ಬೆಲೆ ನನ್ನದಲ್ಲ, ಅವರದು." ಇದು ನಿಜವೂ ಹೌದು.

ಕನ್ನಡಿ ಬೇಕು, ಎರಡಾದರೂ ಇರಲಿ. ಶಾಲು ಹೊದ್ದು ನೋಡದೆ ಯಾರೂ ಕೊಳ್ಳುವುದಿಲ್ಲ. ಬೆಳಕು ಬಿಳಿಯಾಗಿರಲಿ, ಹಳದಿ ಬಲ್ಬಿನಲ್ಲಿ ಬಣ್ಣ ಸುಳ್ಳು ಹೇಳುತ್ತದೆ. ತಿಂಡಿ ಇಟ್ಟರೆ ಇನ್ನೊಂದು ಕೋಣೆಯಲ್ಲಿ, ಪಕ್ಕದಲ್ಲಿ ಕೈತೊಳೆಯಲು ನೀರು. ಬುಟ್ಟಿಗಳನ್ನು ಹಿಂದಿನ ದಿನವೇ ತಂದು ಗಾಳಿಗೆ ಇಡಿ, ಮುಚ್ಚಿದ ಪ್ಲಾಸ್ಟಿಕ್‌ನಲ್ಲಿ ಹುಲ್ಲು ಬೂಷ್ಟು ಹಿಡಿಯುತ್ತದೆ.

ನೀಲಿ ಕೈ

ಬಣ್ಣ ಹಾಕುವ ಕೆಲಸ ನನ್ನದು, ಒಂದು ಮಾತು. ಸರಕಿನಲ್ಲಿ ನೀಲಿ ಗಿಡದ ಬಣ್ಣದ ಬಟ್ಟೆ ಇದ್ದರೆ ಮೊದಲೇ ಹೇಳಿ ಮಾರಿ. ನೀಲಿ ನೂಲಿನ ಮೇಲ್ಮೈಯಲ್ಲಿ ಜಾಸ್ತಿ ಕೂರುತ್ತದೆ. ಹಾಗಾಗಿ ಮೊದಮೊದಲು ಉಜ್ಜಿದರೆ ಕೈಗೆ, ಬಿಳಿ ಬಟ್ಟೆಗೆ ಹತ್ತುತ್ತದೆ. ಅದು ಕಳಪೆ ಅಲ್ಲ, ಆ ಬಣ್ಣದ ಗುಣ. ಆದರೆ ಹೇಳದೆ ಮಾರಿ, ಅವರ ಬಿಳಿ ಕುರ್ಚಿಗೆ ಹತ್ತಿದ ಮೇಲೆ "ಅದು ನೈಸರ್ಗಿಕ" ಅಂದರೆ ಯಾರು ಕೇಳುತ್ತಾರೆ? ಬೇರೆಯಾಗಿ, ತಣ್ಣೀರಲ್ಲಿ ಒಗೆಯಿರಿ, ನೆರಳಲ್ಲಿ ಒಣಗಿಸಿ ಅಂತ ಚೀಟಿಯಲ್ಲಿ ಬರೆಯಿರಿ. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನೋದನ್ನು ದಯವಿಟ್ಟು ಹೇಳಬೇಡಿ, ನಿಲ್ಲುವುದಿಲ್ಲ.

ಹೊಸಬಳು

ಮೌನವಾಗಿ ಓದುತ್ತಿದ್ದೆ. ಒಂದು ಸಲಹೆ ಕೊಡಬಹುದಾ? ಪ್ರತಿ ವಸ್ತುವಿನ ಪಕ್ಕ ಮಾಡಿದವರ ಫೋಟೋ, ಅವರ ಕಷ್ಟದ ಕಥೆ, ಎಷ್ಟು ಗಂಟೆ ಹಿಡಿಯಿತು ಅಂತ ಹಾಕಿದರೆ ಜನಕ್ಕೆ ಮನಸ್ಸಿಗೆ ತಟ್ಟುತ್ತದೆ.

ಸೂಜಿದಾರ

ತಟ್ಟುತ್ತದೆ, ಅದೇ ತೊಂದರೆ.

ಬೈಯುತ್ತಿಲ್ಲ, ಒಳ್ಳೇ ಮನಸ್ಸಿಂದ ಕೇಳಿದ್ದೀರಿ. ಆದರೆ ಯೋಚಿಸಿ, ನಿಮ್ಮ ಆಫೀಸಿನ ಕೆಲಸದ ಪಕ್ಕ ನಿಮ್ಮ ಗಂಡ ಕುಡಿಯುತ್ತಾನೆ, ಮನೆಯಲ್ಲಿ ಸಾಲ ಇದೆ ಅಂತ ಚೀಟಿ ಅಂಟಿಸಿದರೆ ಹೇಗಿರುತ್ತದೆ? ನನ್ನ ಫೋಟೋ ಹಾಕಬಹುದು, ನನ್ನನ್ನು ಕೇಳಿ, ಯಾವ ಫೋಟೋ ಅಂತ ನಾನು ಆರಿಸಿದ ಮೇಲೆ. ಹೆಸರೂ ಹಾಗೇ. ನಮ್ಮ ಗುಂಪಿನಲ್ಲಿ ಕೆಲವರು ಸಂಪಾದನೆ ಮನೆಯಲ್ಲಿ ಪೂರ್ತಿ ಹೇಳಿರುವುದಿಲ್ಲ, ಅವರ ಹೆಸರು ಚೀಟಿಯ ಮೇಲೆ ಬಂದರೆ ಸುಮ್ನೆ ರಗಳೆ. ಬರೆಯೋದಾದರೆ ಕೆಲಸದ ಬಗ್ಗೆ ಬರೆಯಿರಿ. ಯಾವ ಹೊಲಿಗೆ, ಯಾರಿಂದ ಕಲಿತೆ, ಯಾವುದು ಕಷ್ಟ. ಕನ್ನಡಿ ತುಂಡು ಕೂರಿಸುವಾಗ ಮೊದಲ ಸುತ್ತಿನ ದಾರ ಸಡಿಲವಾದರೆ ಇಡೀ ವರ್ಷ ಗಟ್ಟಿ ನಿಂತು ಒಂದು ದಿನ ಉದುರಿಬಿಡುತ್ತದೆ. ಇಂಥದ್ದು ಕೇಳಿ, ಹೇಳೋಕೆ ನಮಗೆ ಬೇಕಾದಷ್ಟಿದೆ.

ಗಂಟೆ ಹಾಕೋದು ನನಗೆ ಇಷ್ಟವಿಲ್ಲ. ಜನ ಬೆಲೆಯನ್ನು ಗಂಟೆಯಿಂದ ಭಾಗಿಸಿ ನನ್ನ ಕೂಲಿ ಲೆಕ್ಕ ಹಾಕುತ್ತಾರೆ, ಆಮೇಲೆ "ಇಷ್ಟೊಂದಾ" ಅನ್ನುವವರೂ ಇದ್ದಾರೆ, "ಇಷ್ಟೇನಾ ಪಾಪ" ಅನ್ನುವವರೂ ಇದ್ದಾರೆ. ಎರಡೂ ಕೇಳಿದ್ದೇನೆ.

ಮಗ್ಗದ ಸದ್ದು

ನಾವು ಗಂಟೆ ಹಾಕುತ್ತೇವೆ, ನೇಕಾರರೇ ಕೇಳಿ ಹಾಕಿಸಿದ್ದು. ಹಾಗಾಗಿ ಇದು ಆಯಾ ಗುಂಪಿಗೆ ಬಿಟ್ಟಿದ್ದು. ಆದರೆ ಕೇಳದೆ ಹಾಕಬಾರದು ಅನ್ನೋದು ಮಾತ್ರ ಎಲ್ಲರಿಗೂ ಒಂದೇ.

ಅಡ್ಡ ಪ್ರಶ್ನೆ

ಅವರಲ್ಲೇ ಒಬ್ಬರನ್ನು ಮಾರಾಟಕ್ಕೆ ಕರೆದುಬಿಟ್ಟರೆ ಚೀಟಿಯ ಗೊಡವೆಯೇ ಇಲ್ಲವಲ್ಲ.

ಬೆತ್ತದ ಬುಟ್ಟಿ

ಕರೆಯಬಹುದು. ಆದರೆ ಬರೋದೂ ಕೆಲಸವೇ. ಆ ದಿನದ ಕೂಲಿ, ಹೋಗಿಬರುವ ಖರ್ಚು ಕೊಡಬೇಕು. ಬಂದವರನ್ನು ಪ್ರದರ್ಶನಕ್ಕೆ ಕೂರಿಸಬಾರದು. ನಮ್ಮಲ್ಲಿ ಒಬ್ಬರು ಬಂದಾಗ ದುಡ್ಡಿನ ಮೇಜು ಅವರೇ ನೋಡಿಕೊಂಡರು, ಆರ್ಡರೂ ಅವರೇ ಬರೆದುಕೊಂಡರು. "ಇದೇ ಹಸಿರಲ್ಲಿ ಬೇಕು" ಅಂತ ಒಬ್ಬರು ಕೇಳಿದ್ದಕ್ಕೆ "ಆ ಹಸಿರು ದಾರ ಈಗ ಬರ್ತಾ ಇಲ್ಲ, ಇದಾದರೆ ಆಗುತ್ತೆ" ಅಂತ ಅಲ್ಲೇ ಉತ್ತರ ಸಿಕ್ಕಿತು. ನಾನಾಗಿದ್ದರೆ ಆಗಲಿ ಅಂತ ಬರೆದುಕೊಂಡಿರುತ್ತಿದ್ದೆ.

ಕಿಟಕಿ ಪಕ್ಕ

ಎಲ್ಲರಿಗೂ ಧನ್ಯವಾದ. ಸಂಘದವರ ಜೊತೆ ಕೂತು ಮಾತಾಡಿದೆ. ನಷ್ಟ ಯಾರ ಮೇಲೆ ಅಂತ ಕೇಳಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ, ಆಮೇಲೆ "ಮಾಡಿದವರ ಮೇಲೇ" ಅಂದರು. ಹಾಗಾಗಿ ಲೆಕ್ಕದ ಪುಸ್ತಕ ಹೇಳಿದ ದಾರಿ ಹಿಡಿದಿದ್ದೇನೆ. ಸಣ್ಣ ವಸ್ತುಗಳನ್ನೂ ಮಾದರಿಗಳನ್ನೂ ಕೊಂಡುಬಿಟ್ಟೆ, ಉಳಿದಿದ್ದು ಆರ್ಡರ್. ಇಬ್ಬರು ಗೆಳತಿಯರು ದುಡ್ಡು ಸೇರಿಸಿದರು, ಅದರಿಂದ ನನ್ನ ಭಾರ ಕಮ್ಮಿಯಾಯಿತು. ಸಂಘದಿಂದ ಒಬ್ಬರು ದಿನಗೂಲಿ ಮೇಲೆ ಬರುತ್ತಾರೆ, ದುಡ್ಡಿನ ಮೇಜು ಅವರದು. ದಿನ ಮೇ ತಿಂಗಳ ಎರಡನೇ ಶನಿವಾರ, ವಿಶ್ವ ಫೇರ್ ಟ್ರೇಡ್ ದಿನವೂ ಅದೇ ಅಂತ ಅವರೇ ಹೇಳಿದರು.

ಒಂದೇ ಒಂದು ಪ್ರಶ್ನೆ ಉಳಿದಿದೆ. ಮಾರಾಟಕ್ಕೆ ಮುಂಚೆಯೇ ಒಬ್ಬರು ಫೋನ್ ಮಾಡಿದ್ದರು. ಸಮಾರಂಭಕ್ಕೆ ಬಂದವರಿಗೆ ಕೊಡಲು ಒಂದೇ ಥರದ 40 ಕಸೂತಿ ಚೀಲ ಬೇಕಂತೆ. ಅಷ್ಟು ತೆಗೆದುಕೊಂಡರೆ ಎಷ್ಟು ಕಮ್ಮಿ ಮಾಡಿಕೊಡುತ್ತೀರಿ ಅಂತ ಕೇಳುತ್ತಿದ್ದಾರೆ. ದೊಡ್ಡ ಆರ್ಡರ್, ಬಿಡೋಕೂ ಮನಸ್ಸಿಲ್ಲ. ಏನು ಹೇಳಲಿ?

ಲೆಕ್ಕದ ಪುಸ್ತಕ

ಬಟ್ಟೆ, ದಾರ ಒಟ್ಟಿಗೆ ಕೊಂಡರೆ ಸ್ವಲ್ಪ ಉಳಿಯುತ್ತದೆ, ಸಾಗಣೆಯಲ್ಲೂ ಉಳಿಯುತ್ತದೆ. ಅಷ್ಟನ್ನು ಬಿಡಬಹುದು. ಕೂಲಿಯಲ್ಲಿ ಕಾಸೂ ಬಿಡಬೇಡಿ.

ಸೂಜಿದಾರ

ಮಷೀನಾದರೆ ಮೊದಲನೆಯದಕ್ಕೆ ಖರ್ಚು ಜಾಸ್ತಿ, ಆಮೇಲೆ ಕಮ್ಮಿ ಆಗುತ್ತಾ ಹೋಗುತ್ತದೆ. ಕೈಯಲ್ಲಿ ನಲವತ್ತನೆಯ ಚೀಲಕ್ಕೂ ಮೊದಲನೆಯದರಷ್ಟೇ ಹೊತ್ತು ಬೇಕು. ಬೆರಳು ನೋವು ಇನ್ನೂ ಜಾಸ್ತಿ. ಅವರಿಗೆ ಹಾಗೇ ಹೇಳಿ, ಅರ್ಥವಾಗುತ್ತದೆ.

ಚೀಲ ಕೊಡುವ ದಿನ ಮಾತ್ರ ನೀವು ಒಪ್ಪಿಕೊಳ್ಳಬೇಡಿ, ಸಂಘದವರು ಹೇಳಲಿ. ಅವಸರದ ಆರ್ಡರ್ ಅಂದರೆ ರಾತ್ರಿ ಕಣ್ಣು ಕೆಡಿಸಿಕೊಂಡು ಮಾಡೋದು, ಇಲ್ಲವೇ ಮನೆಯ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿ ಕೂರಿಸೋದು. ನಾಲ್ಕೈದು ಕೈಗಳಲ್ಲಿ ಹಂಚಿ ಮಾಡಿದರೆ ಹೂವಿನ ಅಳತೆ ಒಂದೊಂದರಲ್ಲಿ ಒಂದೊಂದು ಥರ ಬರುತ್ತದೆ, ಅದನ್ನೂ ಮೊದಲೇ ಹೇಳಿ. ಅರ್ಧ ದುಡ್ಡು ಮುಂಗಡ ಬಂದ ಮೇಲೆ ಬಟ್ಟೆ ಕತ್ತರಿಸಲಿ. ದಾರದ ಬಣ್ಣ ಒಂದು ತುಂಡು ಅಂಟಿಸಿ ಸಹಿ ಹಾಕಿಸಿಕೊಳ್ಳಿ, ಫೋನಿನ ಫೋಟೋದಲ್ಲಿ ಕೆಂಪು ಇದ್ದದ್ದು ಕೈಗೆ ಬಂದಾಗ ಕೇಸರಿ ಅನ್ನಿಸಿ ಜಗಳ ಆಗುತ್ತದೆ.